ಅಪ್ಪನ ಹಳೇ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಹಾಕಿಕೊಡುವುದು ಒಳ್ಳೆಯದು?

ಲಿನಕ್ಸ್ ಮಿಂಟ್ ಹಾಕಿಕೊಡಿ. ಸಿನಮನ್ ಆವೃತ್ತಿ ಸಾಕು. ರ‍್ಯಾಮ್ 4 ಜಿಬಿಗಿಂತ ಕಡಿಮೆ ಇದ್ದರೆ ಅದರದ್ದೇ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ.

ವಿಂಡೋಸ್ ಬಳಸಿದವರಿಗೆ ಇದು ಹೊಸದು ಅನ್ನಿಸುವುದಿಲ್ಲ. ಕೆಳಗೆ ಎಡಕ್ಕೆ ಮೆನು, ಬಲಕ್ಕೆ ಗಡಿಯಾರ. ಆದರೆ ನಾನು ಮಿಂಟ್ ಹೇಳುವುದು ಅದು ಬದಲಾಗದೆ ಇರುತ್ತದೆ ಅಂತ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಎಲ್‌ಟಿಎಸ್ ಎಂಬ ಆವೃತ್ತಿಗಳಿವೆ, ಅಂದರೆ 5 ವರ್ಷ ಭದ್ರತಾ ಅಪ್‌ಡೇಟ್ ಸಿಗುವಂಥವು. ಮಿಂಟ್ ಕಟ್ಟಿರುವುದು ಅವುಗಳ ಮೇಲೆ. ಅಷ್ಟು ವರ್ಷ ಅಪ್ಪ ಕಲಿತ ಜಾಗದಲ್ಲೇ ಬಟನ್‌ಗಳು ಇರುತ್ತವೆ. ವಯಸ್ಸಾದವರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಏನಾದರೂ ಕೆಟ್ಟರೆ? ಅದಕ್ಕೆ ಟೈಮ್‌ಶಿಫ್ಟ್ ಇದೆ. ಸಿಸ್ಟಮ್ ಚೆನ್ನಾಗಿದ್ದಾಗ ಅದರ ಒಂದು ಪ್ರತಿ ತೆಗೆದಿಟ್ಟು, ಬೇಕಾದಾಗ ಆ ಸ್ಥಿತಿಗೆ ಮರಳಿಸುತ್ತದೆ. ಮೊದಲ ದಿನವೇ ಇದನ್ನು ಹೊಂದಿಸಿ. ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ತಾನಾಗಿಯೇ ಅಪ್‌ಡೇಟ್ ಆಗುವ ಆಯ್ಕೆಯನ್ನೂ ಆನ್ ಮಾಡಿ. ಫೋಟೋಗಳಿಗೆ ಮಾತ್ರ ಬೇರೆ ಬ್ಯಾಕಪ್ ಬೇಕು, ಟೈಮ್‌ಶಿಫ್ಟ್ ಸಾಮಾನ್ಯವಾಗಿ ಅವನ್ನು ಉಳಿಸುವುದಿಲ್ಲ.

ಕನ್ನಡ ಟೈಪಿಂಗ್ ಸುಲಭ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ವಿನ್ಯಾಸ ಸೇರಿಸಿದರೆ ಆಯ್ತು.

ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ, ವೈಫೈ ಮತ್ತು ಪ್ರಿಂಟರ್ ಕೆಲಸ ಮಾಡುತ್ತವಾ ನೋಡಿ. ಅಪ್ಪನಿಗೆ ಟ್ಯಾಲಿಯಂಥ ವಿಂಡೋಸ್ ತಂತ್ರಾಂಶ ದಿನಾ ಬೇಕು ಅಂದರೆ ಸುಮ್ನೆ ಬದಲಾಯಿಸಬೇಡಿ, ವಿಂಡೋಸ್‌ನಲ್ಲೇ ಇರಲಿ.