ಬಣ್ಣದ ಬಟ್ಟೆಗೆ ಬ್ಲೀಚ್ ಹಾಕಬಹುದಾ?

ಹಾಕಬಹುದು, ಆದರೆ ಯಾವ ಬ್ಲೀಚ್ ಅನ್ನೋದು ಮುಖ್ಯ. ಬಾಟಲಿಯಲ್ಲಿ ಬರುವ, ಮೂಗಿಗೆ ಘಾಟು ಹೊಡೆಯುವ ಬ್ಲೀಚ್ ಇದೆಯಲ್ಲ, ಅದರಲ್ಲಿರೋದು ಸೋಡಿಯಂ ಹೈಪೋಕ್ಲೋರೈಟ್. ಕೊಳೆಯ ಜೊತೆ ಬಣ್ಣವನ್ನೂ ತಿಂದುಹಾಕುತ್ತದೆ. ಬಾಗಲಕೋಟೆಯ ನಮ್ಮ ಮನೆಯಲ್ಲಿ ಅವ್ವನ ಇಳಕಲ್ ಸೀರೆಯ ಕೆಂಪು ಸೆರಗಿಗೆ ಅದರ ನಾಲ್ಕು ಹನಿ ಸಿಡಿದು, ಕಡಲೆಕಾಳಿನಷ್ಟು ದೊಡ್ಡ ಬಿಳಿಚಿದ ಕಲೆಗಳು ಹಾಗೇ ಉಳಿದುಬಿಟ್ಟವು. ಹೋದ ಬಣ್ಣ ವಾಪಸ್ ಬರಲ್ಲ.

ಬಣ್ಣದ ಹತ್ತಿ ಬಟ್ಟೆಗೆ ಸೋಡಿಯಂ ಪರ್ಕಾರ್ಬೊನೇಟ್ ಇರುವ ಆಕ್ಸಿಜನ್ ಬ್ಲೀಚ್ ಪುಡಿ ತಗೊಳ್ಳಿ. ಮೊದಲು ಚೂರು ಪುಡಿ ನೀರಲ್ಲಿ ಕರಗಿಸಿ, ಒಳಹೊಲಿಗೆ ಮೇಲೆ ಒಂದು ಹನಿ ಬಿಟ್ಟು, 10 ನಿಮಿಷ ಕಾದು ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಅದಕ್ಕೆ ಬಣ್ಣ ಹತ್ತಿದರೆ ಬಿಟ್ಟುಬಿಡಿ. ತೊಳೆಯುವಾಗಲೂ ಪುಡಿ ಬೆಚ್ಚಗಿನ ನೀರಲ್ಲಿ ಪೂರ್ತಿ ಕರಗಿದ ಮೇಲೇ ಬಟ್ಟೆ ನೆನೆಸಿ, ಒಣ ಪುಡಿ ಬಟ್ಟೆ ಮೇಲೆ ಉದುರಿಸಬೇಡಿ. ರೇಷ್ಮೆ, ಉಣ್ಣೆಗೆ ಎರಡೂ ಬೇಡ. ಗುಳೇದಗುಡ್ಡದ ರೇಷ್ಮೆ ಖಣಕ್ಕೂ ಅಷ್ಟೇ.

ದಯವಿಟ್ಟು ಇದೊಂದು ನೆನಪಿಡಿ: ಘಾಟಿನ ಬ್ಲೀಚಿಗೆ ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್ ಯಾವತ್ತೂ ಬೆರೆಸಬೇಡಿ, ವಿಷದ ಕ್ಲೋರಿನ್ ಅನಿಲ ಬರುತ್ತದೆ.

ಇನ್ನು ಬಟ್ಟೆ ಒಗೆದ ಮೇಲೆ ನೀರಿಗೆ ಹಾಕುವ ನೀಲಿ ಇದೆಯಲ್ಲ, ಅದು ಕೊಳೆ ತೆಗೆಯಲ್ಲ, ಬಿಳಿ ಬಟ್ಟೆಯ ಹಳದಿ ಛಾಯೆ ಮುಚ್ಚುತ್ತದೆ ಅಷ್ಟೇ. ಬಣ್ಣದ ಬಟ್ಟೆಗೆ ಸುಮ್ನೆ ಹಾಕಬೇಡಿ.