ಪರ್ಸೆಂಟ್ ಆಮೇಲೆ, ಮೊದಲು ಅವನು ಯಾರ ಕಡೆಯವನು ಕೇಳಿ

ರಾಯಚೂರಿನಲ್ಲಿ ಪ್ಲಾಟು ನೋಡಿದ್ದೀರಿ. ಓನರ್ ಹೈದರಾಬಾದ್‌ನಲ್ಲಿದ್ದಾರೆ. ಏಜೆಂಟ್ ‘ಎರಡೂ ಕಡೆಯವರು ನಮ್ಮವರೇ’ ಅಂತ ಎರಡು ಪರ್ಸೆಂಟ್ ಕಮಿಷನ್ ಕೇಳ್ತಿದ್ದಾನೆ, ಒಂದು ಕೊಟ್ಟರೆ ಸಾಕಾ ಅಂತ ನಿಮ್ಮ ಪ್ರಶ್ನೆ. ಏಳು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕ್ತಾ ಕೂತಿದ್ದೆ. ಒಂದೇ ಪರ್ಸೆಂಟಿಗೆ ಒಪ್ಪಿಸಿದೆ. ಆದರೆ ಕಳೆದುಕೊಂಡದ್ದು 3 ಲಕ್ಷ 80 ಸಾವಿರ.

ನಾನು ಮಾನ್ವಿ ತಾಲೂಕಿನಲ್ಲಿ ಮಾಸ್ತರ್. ಮಗಳ ಓದಿಗೆ ರಾಯಚೂರಿನಲ್ಲಿ ಮನೆ ಕಟ್ಟಬೇಕು ಅಂತ ಆಸೆ. ಉಳಿತಾಯ, ಪತ್ತಿನ ಸಂಘದ ಸಾಲ, ಹೆಂಡತಿಯ ಬಂಗಾರ ಅಡವಿಟ್ಟದ್ದು, ಎಲ್ಲಾ ಸೇರಿ ದುಡ್ಡು ಹೊಂದಿಸಿದ್ದೆ. ಏಜೆಂಟ್ ಒಳ್ಳೆ ಮಾತಿನವನು. ತನ್ನ ಗಾಡಿಯಲ್ಲೇ ಕೂರಿಸಿಕೊಂಡು ಲಿಂಗಸುಗೂರು ರಸ್ತೆ ಕಡೆ ಮೂರು ಪ್ಲಾಟು ತೋರಿಸಿದ. ಬಿಸಿಲಿಗೆ ಸುಸ್ತಾಗಿ ಒಂದು ಹೋಟೆಲಿಗೆ ಹೋದೆವು. ಮಿರ್ಚಿ, ಚಹಾ ಬಂತು. ಅಲ್ಲಿವರೆಗೆ ‘ಸರ್’ ಅಂತಿದ್ದವನು ಆಗ ‘ಅಣ್ಣಾ’ ಅಂದ. ‘ಅಣ್ಣಾ, ನನ್ನ ಹತ್ರ ಮುಚ್ಚಿಡಬೇಡ್ರಿ, ಎಷ್ಟರ ತನಕ ಬರ್ತೀರಿ?’

ನಾನು ಹೇಳಿಬಿಟ್ಟೆ. ‘18 ಲಕ್ಷಕ್ಕೆ ಮಾತಾಡಪ್ಪ. ಬೇಕೇ ಬೇಕು ಅಂದರೆ 21ರ ತನಕ ಬರ್ತೀನಿ. ಜೂನ್ ಒಳಗೆ ಆಗಬೇಕು.’

ಇದೇ ನನ್ನ ತಪ್ಪು. ಇದನ್ನು ಬಿಡಿಸಿ ಹೇಳಲೇಬೇಕು, ಯಾಕಂದ್ರೆ ಆವತ್ತು ನನಗೆ ಅದು ತಪ್ಪು ಅಂತ ಅನ್ನಿಸಲೇ ಇಲ್ಲ. ಅವನು ನನ್ನ ಪರವಾಗಿ ಮಾತಾಡಲು ಹೋಗ್ತಿದ್ದಾನೆ, ಅಂದಮೇಲೆ ನನ್ನ ಕೊನೆಯ ರೇಟು ಅವನಿಗೆ ಗೊತ್ತಿರಬೇಕಲ್ವಾ ಅಂದುಕೊಂಡೆ. ನಮ್ಮಪ್ಪ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಮಾರುವಾಗ ದಲಾಲಿ ಅಂಗಡಿಯವರಿಗೆ ಎಲ್ಲವನ್ನೂ ಹೇಳುತ್ತಿದ್ದರು. ಆ ಅಂಗಡಿಯವರು ನಮ್ಮ ಮಾಲು ಮಾರಿಕೊಡುವವರು. ಇಲ್ಲಿ ಈ ಹುಡುಗ ಯಾರ ಮಾಲು ಮಾರುತ್ತಿದ್ದಾನೆ ಅಂತ ನಾನು ಕೇಳಲೇ ಇಲ್ಲ. ರೇಟು ಹೇಳಿದ್ದಷ್ಟೇ ಅಲ್ಲ, ಅವಸರವನ್ನೂ ಹೇಳಿದೆ. ನನ್ನ ಜೇಬಿನ ಕೊನೆಯ ರೂಪಾಯಿಯೂ, ಕೊನೆಯ ದಿನವೂ ಅವನಿಗೆ ಗೊತ್ತಾಯಿತು. ಓನರ್ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಇನ್ನು ಅವನು ಚೌಕಾಸಿ ಮಾಡುವುದಾದರೂ ಯಾಕೆ?

ಮರುದಿನ ಫೋನ್. ‘ಓನರ್ 22 ಅಂತ ಹಟ ಹಿಡಿದಿದ್ರು, ನಿಮ್ಮ ಸಲುವಾಗಿ 20.80ಕ್ಕೆ ಒಪ್ಪಿಸೀನಿ.’ ನಾನು ಥ್ಯಾಂಕ್ಸ್ ಹೇಳಿದೆ. ಕ್ರಯಪತ್ರದಲ್ಲಿ 17 ತೋರಿಸೋಣ, ಸ್ಟಾಂಪ್ ಖರ್ಚು ಉಳಿಯುತ್ತೆ ಅಂದ. ಅದಕ್ಕೂ ಒಪ್ಪಿದೆ. 17 ಲಕ್ಷ ಡಿಡಿ, ಉಳಿದದ್ದು ನಗದು ಅವನ ಕೈಗೆ, ‘ಓನರ್‌ಗೆ ಮುಟ್ಟಿಸ್ತೀನಿ’ ಅಂದ.

ನೋಂದಣಿ ದಿನ ಓನರ್ ನನ್ನ ಪಕ್ಕದ ಬೆಂಚಿನಲ್ಲೇ ಕೂತಿದ್ದರು. ವಯಸ್ಸಾದ ರೈತರು. ಹೆಬ್ಬೆಟ್ಟಿನ ಮಸಿಯನ್ನು ಟವೆಲ್ಲಿನ ತುದಿಗೆ ಒರೆಸಿಕೊಳ್ಳುತ್ತಾ ತಾವಾಗಿಯೇ ಹೇಳಿದರು: ‘ಮೊಮ್ಮಗಳ ಮದುವಿ ಐತಿ ಮಾಸ್ತರ್. ನನ್ನ ಕೈಗೆ ಹದಿನೇಳು ಬಂದ್ರ ಸಾಕು, ಮ್ಯಾಲಿಂದು ನಿಂದು ಅಂತ ಹುಡುಗಗ ಹೇಳಿದ್ದೆ.’

ಆ ಮಾತು ಕೇಳಿ ಕೈಕಾಲು ತಣ್ಣಗಾಯಿತು. ಹುಡುಗ ಜೆರಾಕ್ಸ್ ತರಲು ಹೊರಗೆ ಹೋಗಿದ್ದ.

ಓನರ್‌ಗೆ ಇಷ್ಟು, ಮೇಲಿನದ್ದು ಏಜೆಂಟ್‌ಗೆ ಅನ್ನುವ ಈ ‘ನೆಟ್ ರೇಟ್’ ಲೆಕ್ಕ ನಮ್ಮ ಕಡೆ ಬಹಳ ನಡೆಯುತ್ತದೆ. ಕೆಲವರು ಓನರ್‌ಗೆ ಸ್ವಲ್ಪ ಸಂಚಕಾರ (ಅಡ್ವಾನ್ಸ್) ಕೊಟ್ಟು ತಾವೇ ಅಗ್ರಿಮೆಂಟ್ ಹಾಕಿಕೊಂಡಿರುತ್ತಾರೆ. ಆಗ ಅವರು ಏಜೆಂಟೇ ಅಲ್ಲ, ಮಾರುವವರು. ಆ ಅಗ್ರಿಮೆಂಟ್ ನೋಂದಣಿ ಆಗಿಲ್ಲದಿದ್ದರೆ ಇಸಿಯಲ್ಲೂ (ಋಣಭಾರ ಪ್ರಮಾಣಪತ್ರ) ಕಾಣುವುದಿಲ್ಲ.

ಆಮೇಲೆ ವಕೀಲರ ಹತ್ತಿರ ಹೋದೆ. 1872ರ ಕರಾರು ಕಾಯ್ದೆಯಲ್ಲಿ ಇದೆಲ್ಲಾ ಇದೆ ಅಂದರು. ಕಲಂ 185ರ ಪ್ರಕಾರ ಒಬ್ಬ ನಿಮ್ಮ ಏಜೆಂಟ್ ಆಗಲು ಕಮಿಷನ್ ಕೊಟ್ಟಿರಲೇಬೇಕು ಅಂತೇನಿಲ್ಲ. ಕಲಂ 213ರ ಪ್ರಕಾರ ನೀವು ಕೇಳಿದಾಗ ಅವನು ಲೆಕ್ಕ ಒಪ್ಪಿಸಬೇಕು. ನಿಮಗೆ ಗೊತ್ತಿಲ್ಲದೆ ನಿಮ್ಮ ವ್ಯವಹಾರದಲ್ಲಿ ಸ್ವಂತಕ್ಕೆ ವ್ಯಾಪಾರ ಮಾಡಿದ್ದರೆ, ಆ ಲಾಭವನ್ನು ಕೇಳುವ ಹಕ್ಕು ಕಲಂ 216ರಲ್ಲಿದೆ. ‘ಆದರೆ ಮಾಸ್ತರೇ, ಅವನು ನಿಮ್ಮ ಏಜೆಂಟ್ ಅನ್ನೋದಕ್ಕೆ ಕಾಗದ ಎಲ್ಲಿದೆ? 20.80 ಕೊಟ್ಟದ್ದಕ್ಕೆ ಏನಿದೆ?’ ಕಾಗದದಲ್ಲಿ ಇದ್ದದ್ದು 17. ಅಲ್ಲಿಗೆ ಮುಗಿಯಿತು. ಬಂಗಾರ ಬಿಡಿಸಲು ಮೂರು ವರ್ಷ ಹಿಡಿಯಿತು.

ಅದಕ್ಕೇ ಹೇಳ್ತೀನಿ, ಒಂದು ಪರ್ಸೆಂಟಾ ಎರಡಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ‘ಎರಡೂ ಕಡೆಯವರು ನಮ್ಮವರೇ’ ಅನ್ನುವವನಿಗೆ ಒಂದು ಪೈಸೆಯೂ ಕೊಡಬೇಡಿ. ಒಬ್ಬನಿಗೆ ಜಾಸ್ತಿ ಬರಬೇಕು, ಇನ್ನೊಬ್ಬನಿಗೆ ಕಡಿಮೆಗೆ ಸಿಗಬೇಕು. ಇಬ್ಬರಿಗೂ ಒಬ್ಬನೇ ಹೇಗೆ ಮಾತಾಡುತ್ತಾನೆ? ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನಂಬರ್ ಇದೆ ಅಂತಲೂ ಸುಮ್ನೆ ನಂಬಬೇಡಿ. 2016ರ ಆ ಕಾಯ್ದೆಯಲ್ಲಿ ಏಜೆಂಟ್ ನೋಂದಣಿ ಇರುವುದು ನೋಂದಾಯಿತ ಲೇಔಟು, ಅಪಾರ್ಟ್‌ಮೆಂಟ್ ಮಾರುವುದಕ್ಕೆ. ಒಬ್ಬರು ತಮ್ಮ ಹಳೇ ಪ್ಲಾಟು ಮಾರುವಾಗ ಅದು ನಿಮ್ಮನ್ನು ಕಾಯುವುದಿಲ್ಲ.

ಹೋದ ವರ್ಷ ನನ್ನ ಹೆಂಡತಿಯ ತಮ್ಮ ಸಿಂಧನೂರಿನಲ್ಲಿ ಪ್ಲಾಟು ತಗೊಂಡ. ಪರ್ಸೆಂಟ್ ಬೇಡ ಅಂತ ನಾನೇ ಹಟ ಹಿಡಿದೆ. ರೇಟು ಏರಿದಷ್ಟೂ ಪರ್ಸೆಂಟ್ ಏರುತ್ತೆ, ಇಳಿಸಲು ಯಾರಿಗೆ ಮನಸ್ಸು ಬರುತ್ತೆ? ಏಜೆಂಟ್‌ಗೆ 25 ಸಾವಿರ ಅಂತ ಮಾತಾಡಿದೆವು. ‘ಖರೀದಿದಾರರ ಪರ ಮಾತ್ರ, ಓನರ್ ಕಡೆಯಿಂದ ಏನೂ ತಗೊಳ್ಳಲ್ಲ’ ಅಂತ ವಾಟ್ಸ್ಯಾಪ್‌ನಲ್ಲಿ ಅವನಿಂದಲೇ ಬರೆಸಿದೆವು. ಓನರ್ ಮನೆಗೆ ನಾವೇ ಹೋಗಿ ರೇಟು ಕೇಳಿದೆವು. ಪೂರ್ತಿ ದುಡ್ಡು ಓನರ್ ಖಾತೆಗೆ, ಪೂರ್ತಿ ಮೊತ್ತ ಕ್ರಯಪತ್ರದಲ್ಲಿ. ಆಸ್ತಿ ಮಾರಾಟದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳಲು ಆದಾಯ ತೆರಿಗೆ ಕಾನೂನಿನಲ್ಲೂ ಅವಕಾಶವಿಲ್ಲ.

ನಿಮ್ಮ ಕೊನೆಯ ರೇಟು ಅವನಿಗೆ ಇನ್ನೂ ಹೇಳಿಲ್ಲ ತಾನೇ? ಹೇಳಬೇಡಿ. ನಾಳೆ ಬೆಳಿಗ್ಗೆ ಫೋನ್ ಮಾಡಿ ಹೈದರಾಬಾದ್ ಓನರ್ ನಂಬರ್ ಕೇಳಿ. ಕೊಡದಿದ್ದರೆ ಆ ಪ್ಲಾಟು ಬಿಟ್ಟುಬಿಡಿ, ಬೇರೆ ಸಿಗುತ್ತೆ.