'ಎ ರೂಮ್ ಆಫ್ ಒನ್ಸ್ ಓನ್' ಮೂವತ್ತು ಪುಟ ದಾಟುತ್ತಿಲ್ಲ. ಇಷ್ಟವಾಗದಿದ್ದರೆ ನಾನು ಎಂಥ ಸ್ತ್ರೀವಾದಿ? ಒಳ್ಳೆ ಸಾರಾಂಶ ಇದ್ದರೆ ಹೇಳಿ

ಮೂವತ್ತಾ? ನಾನು ಹನ್ನೆರಡು ಪುಟ ಸುಮ್ನೆ ತಿರುವಿ ಅಲ್ಲೇ ನಿಂತಿದ್ದೆ. ಮೀನು, ಹುಲ್ಲು, ಬಾಲವಿಲ್ಲದ ಬೆಕ್ಕು. ಇದೇನು ಪ್ರಬಂಧವಾ, ಯಾರದೋ ಡೈರಿಯಾ ಅನ್ನಿಸಿತ್ತು. ನೀವು ಕೇಳುತ್ತಿರುವ ಸಾರಾಂಶವನ್ನು ನಾನು ಓದಿದ್ದೇನೆ. ಅದರಿಂದ ಏನಾಯಿತು ಅಂತ ಹೇಳ್ತೀನಿ.

ಎಂ.ಎ. ಎರಡನೇ ವರ್ಷ. ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಅವರ ಈ ಪುಸ್ತಕದ ಮೇಲೆ ಸೆಮಿನಾರ್ ಕೊಡುವ ಸರದಿ ನನ್ನದು. ಪರೀಕ್ಷೆಗೆ ಓದಿ ಓದಿ ನನಗೊಂದು ಚಾಳಿ ಅಂಟಿತ್ತು. ಯಾವ ಪುಸ್ತಕ ಕೈಗೆ ಬಂದರೂ ಪೆನ್ಸಿಲ್ ಹಿಡಿದು ಪಾಯಿಂಟ್ ಹುಡುಕೋದು. ಗೈಡ್‌ನಲ್ಲಿ ಪಾಯಿಂಟ್ ಒಂದೇ ಸಾಲಿನಲ್ಲಿತ್ತು: ಕಥೆ ಕಾದಂಬರಿ ಬರೆಯಬೇಕಾದರೆ ಹೆಣ್ಣಿಗೆ ಹಣ ಬೇಕು, ಸ್ವಂತದ್ದೊಂದು ಕೋಣೆ ಬೇಕು. 1928ರ ಅಕ್ಟೋಬರ್‌ನಲ್ಲಿ ಕೇಂಬ್ರಿಜ್‌ನ ನ್ಯೂನಮ್ ಮತ್ತು ಗರ್ಟನ್ ಎಂಬ ಎರಡು ಮಹಿಳಾ ಕಾಲೇಜುಗಳಲ್ಲಿ ಮಾಡಿದ ಭಾಷಣ, ಪುಸ್ತಕವಾದದ್ದು 1929ರಲ್ಲಿ ಅಂತಲೂ ಇತ್ತು. ಮೊದಲ ಅಧ್ಯಾಯಕ್ಕೆ 'ಪೀಠಿಕೆ' ಅಂತ ಹೆಸರಿಟ್ಟು ನಾಲ್ಕು ಸಾಲಿನಲ್ಲಿ ಮುಗಿಸಿದ್ದರು. ಪೀಠಿಕೆ ತಾನೇ ಅಂತ ಬಿಟ್ಟುಬಿಟ್ಟೆ. ಮೂರನೇ ಅಧ್ಯಾಯದಲ್ಲಿ ಶೇಕ್ಸ್‌ಪಿಯರ್‌ಗೆ ಜುಡಿತ್ ಅಂತ ಅವನಷ್ಟೇ ಜಾಣೆ ತಂಗಿಯೊಬ್ಬಳು ಇದ್ದಿದ್ದರೆ ಅಂತ ಕಲ್ಪಿಸುವ ಭಾಗವಿದೆಯಲ್ಲ, ಅದನ್ನು ಓದಿದೆ. ಎರಡನೆಯದರ ಮೇಲೆ ಸುಮ್ನೆ ಕಣ್ಣಾಡಿಸಿದೆ. ಅಲ್ಲೊಂದು ಮಜಾ ವಿಷಯ ಸಿಕ್ಕಿತು. ಅತ್ತೆಯೊಬ್ಬಳು ಬೊಂಬಾಯಿಯಲ್ಲಿ ಗಾಳಿ ಸೇವನೆಗೆ ಹೋಗಿ ಕುದುರೆಯಿಂದ ಬಿದ್ದು ಸಾಯುತ್ತಾಳೆ. ವರ್ಷಕ್ಕೆ 500 ಪೌಂಡ್ ಬರುವ ಹಾಗೆ ಬರೆದಿಟ್ಟಿರುತ್ತಾಳೆ. ಹೆಂಗಸರಿಗೆ ಮತದ ಹಕ್ಕು ಬಂದ ಹೊತ್ತಿಗೇ ಈ ಹಣದ ಸುದ್ದಿಯೂ ಬರುತ್ತದೆ. ಎರಡರಲ್ಲಿ ಹಣವೇ ದೊಡ್ಡದು ಅನ್ನಿಸುತ್ತದೆ.

ಭಾರತದ ನಂಟು ಸಿಕ್ಕಿತು ಅಂತ ಖುಷಿಯಾಗಿ ಸೆಮಿನಾರ್ ಶುರು ಮಾಡಿದ್ದೇ ಅಲ್ಲಿಂದ. "ವುಲ್ಫ್ ಅವರ ಅತ್ತೆ ಬೊಂಬಾಯಿಯಲ್ಲಿ..."

"ಯಾರ ಅತ್ತೆ?" ಅಂದರು ಮೇಡಂ.

"ವುಲ್ಫ್ ಅವರ ಅತ್ತೆ, ಮೇಡಂ."

"ಮೊದಲನೇ ಅಧ್ಯಾಯ ಓದಿದ್ದೀಯೇನಮ್ಮಾ?"

ಹಿಂದಿನ ಬೆಂಚಿನವರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ನಾನು ಬಿಟ್ಟ ಆ ಅಧ್ಯಾಯದ ಶುರುವಿನಲ್ಲೇ ವುಲ್ಫ್ ಬಿಡಿಸಿ ಹೇಳಿದ್ದಾರೆ. ಇಲ್ಲಿ 'ನಾನು' ಅನ್ನೋದು ಅನುಕೂಲಕ್ಕೆ, ಅಂಥವಳು ಯಾರೂ ಇಲ್ಲ. ಮೇರಿ ಬೀಟನ್ ಅನ್ನಿ, ಮೇರಿ ಸೀಟನ್ ಅನ್ನಿ, ಮೇರಿ ಕಾರ್ಮೈಕಲ್ ಅನ್ನಿ, ನಿಮ್ಮಿಷ್ಟ. ನನ್ನ ಬಾಯಿಂದ ಸುಳ್ಳು ಹರಿಯುತ್ತದೆ, ಅದರಲ್ಲಿ ಒಂದಿಷ್ಟು ನಿಜ ಬೆರೆತಿದ್ದರೂ ಇರಬಹುದು, ಹುಡುಕಿಕೊಳ್ಳಿ ಅಂತ. ಸತ್ತ ಅತ್ತೆಯ ಹೆಸರೂ ಮೇರಿ ಬೀಟನ್. ತನ್ನ ಹೆಸರಿನವಳು ಅನ್ನೋ ಒಂದೇ ಕಾರಣಕ್ಕೆ ಸೊಸೆಗೆ ಹಣ ಬಿಟ್ಟಳು. ಪುಸ್ತಕದ ಬಹುಪಾಲು ಒಬ್ಬಳು ಕಲ್ಪಿತ ಹೆಂಗಸಿನ ಎರಡು ದಿನದ ಓಡಾಟ. ನಾನು ಅದನ್ನು ಜೀವನಚರಿತ್ರೆ ಅಂತ ತರಗತಿಗೆ ಬಡಿಸಿದ್ದೆ.

ತಮಾಷೆ ಏನು ಗೊತ್ತಾ? ವುಲ್ಫ್ ಅವರಿಗೆ ನಿಜಕ್ಕೂ ಅತ್ತೆಯ ಹಣ ಬಂದಿತ್ತು. ತಂದೆಯ ತಂಗಿ ಕ್ಯಾರೊಲಿನ್ ಎಮೀಲಿಯಾ ಸ್ಟೀಫನ್, ಅಂದರೆ ಸಾಕ್ಷಾತ್ ಸೋದರತ್ತೆ, 1909ರಲ್ಲಿ ತೀರಿಕೊಂಡಾಗ 2,500 ಪೌಂಡ್ ಬಿಟ್ಟು ಹೋಗಿದ್ದರು. ಆಕೆ ಬೊಂಬಾಯಿಯಲ್ಲಿ ಕುದುರೆಯಿಂದ ಬಿದ್ದವರಲ್ಲ. ನಿಜವನ್ನೇ ಹೇಳಬಹುದಿತ್ತು, ಅದನ್ನು ಬಿಟ್ಟು ಕಥೆ ಕಟ್ಟಿದರು. ಯಾಕೆ ಅನ್ನೋದೇ ಕೇಳಬೇಕಾದ ಪ್ರಶ್ನೆ. ಅದು ಹುಟ್ಟುವ ಪುಟವನ್ನೇ ನಾನು ಹಾರಿಸಿದ್ದೆ.

25ಕ್ಕೆ 11 ಬಂತು. ಹೋಗಲಿ, ಅಂಕ ಮರೆತುಹೋಗುತ್ತದೆ. ನಾಚಿಕೆಯಲ್ಲಿ ನಾನು ಎಂ.ಎ. ಪ್ರಬಂಧದ ವಿಷಯ ಬದಲಾಯಿಸಿದೆ. ಹೆಂಗಸರ ಬರವಣಿಗೆ ಅಂತ ಇದ್ದದ್ದನ್ನು ಬಿಟ್ಟು ವ್ಯಾಕರಣ ಹಿಡಿದೆ. ಒಂಬತ್ತು ವರ್ಷ ಆ ಪುಸ್ತಕದ ಬೆನ್ನು ಕಂಡರೆ ಸಾಕು, ಮುಖ ತಿರುಗಿಸುತ್ತಿದ್ದೆ. ನೋಡಿ, ಈಗ ವುಲ್ಫ್‌ಗೆ 'ಅವರು' ಅಂತೀನಿ, ಪುಸ್ತಕದೊಳಗಿನ ಮೇರಿಗೆ 'ಅವಳು' ಅಂತೀನಿ. ಆ ವ್ಯತ್ಯಾಸಕ್ಕೆ ಹದಿನಾಲ್ಕು ಅಂಕ ತೆತ್ತಿದ್ದೇನೆ.

ಮತ್ತೆ ಕೈಗೆತ್ತಿಕೊಂಡದ್ದು ಅಜ್ಜನ ತಿಥಿಯ ದಿನ. ಅಡುಗೆಮನೆಯಲ್ಲಿ ದೊಡ್ಡಮ್ಮ, ಅಮ್ಮ, ಅತ್ತೆ ಬೆಳಗಿನ ಐದರಿಂದ ನಿಂತಿದ್ದರು. ಭಟ್ಟರದಾಯಿತು, ಗಂಡಸರದಾಯಿತು. ನಾವು ಹೆಂಗಸರು ಎಲೆ ಹಾಕಿಕೊಂಡಾಗ ನಾಲ್ಕು ಗಂಟೆ. ವಡೆ ಮುಗಿದಿತ್ತು. ಪಾಯಸ ತಳ ಹತ್ತಿತ್ತು. "ನಮಗೇನು, ಎರಡು ತುತ್ತು ಮಜ್ಜಿಗೆ ಅನ್ನ ಆದ್ರೆ ಸಾಕು" ಅಂತ ದೊಡ್ಡಮ್ಮ ಹೇಳಿದಾಗ, ಎಲ್ಲಿಂದಲೋ ಆ ಪುಸ್ತಕದ ಊಟದಲ್ಲಿ ಬರುವ ಒಣಹಣ್ಣು ನೆನಪಾಯಿತು. ಮೊದಲ ಅಧ್ಯಾಯದಲ್ಲಿ ನಾನು ನಿಲ್ಲಿಸುವ ಮುಂಚೆ ಪುಟ ತಿರುವಿದಾಗ ಕಣ್ಣಿಗೆ ಬಿದ್ದಿತ್ತು.

ಆ ರಾತ್ರಿ ಬಸ್ಸಿನಲ್ಲಿ ಮೊಬೈಲಿನಲ್ಲೇ ಓದಿದೆ. ಗಂಡಸರ ಕಾಲೇಜಿನಲ್ಲಿ ಮಧ್ಯಾಹ್ನದ ಊಟ: ಕೆನೆ ಹಾಕಿದ ಮೀನು, ಹಕ್ಕಿ ಮಾಂಸ, ಬಾಯಲ್ಲಿ ಕರಗುವ ಸಿಹಿ, ಖಾಲಿಯಾದಂತೆ ತುಂಬುವ ವೈನ್. ಹೆಂಗಸರ ಕಾಲೇಜಿನಲ್ಲಿ ರಾತ್ರಿಯೂಟ: ತಿಳಿ ಸೂಪು, ದನದ ಮಾಂಸ, ಸೊಪ್ಪು, ಆಲೂಗಡ್ಡೆ, ಬೇಯಿಸಿದ ಒಣ ಪ್ಲಮ್ ಹಣ್ಣು, ಕಸ್ಟರ್ಡ್. ಕುಡಿಯೋಕೆ ನೀರಿನ ಜಗ್ಗು. ಆಮೇಲೆ ಮೇರಿ ಕೇಳುತ್ತಾಳೆ, ಯಾಕೆ ಹೀಗೆ? ಯಾಕೆಂದರೆ ಗೆಳತಿಯ ತಾಯಿ ಹದಿಮೂರು ಮಕ್ಕಳನ್ನು ಹೆತ್ತರು. ದುಡಿದು ಕೂಡಿಟ್ಟಿದ್ದರೂ ಆ ಕಾಲದ ಕಾನೂನಿನ ಪ್ರಕಾರ ಅದು ಗಂಡನ ಪಾಲು. ಕಾಲೇಜು ಕಟ್ಟೋಕೆ 30,000 ಪೌಂಡ್ ಒಟ್ಟು ಮಾಡುವಷ್ಟರಲ್ಲಿ ಹೆಂಗಸರಿಗೆ ಸಾಕುಸಾಕಾಯಿತು. ಕೋಣೆಯ ಮಾತೆಲ್ಲ ಈ ತಟ್ಟೆಯಿಂದ ಎದ್ದು ಬಂದದ್ದು. ನನ್ನ ಗೈಡ್ ತಟ್ಟೆಯನ್ನೇ ಎತ್ತಿಟ್ಟಿತ್ತು.

ದೊಡ್ಡಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಎಲ್ಲ ಕೇಳಿ, "ಆ ಹಣ್ಣಿಗೆ ಒಂಚೂರು ಬೆಲ್ಲ ಏಲಕ್ಕಿ ಹಾಕಬಾರದಿತ್ತಾ?" ಅಂದರು.

ಹಾಗಾಗಿ ಸಾರಾಂಶ ನಾನು ಕೊಡಲ್ಲ. ನಿಮಗೆ ಬೇಸರ ಬರೋದು ಸಾರಾಂಶ ಮೊದಲೇ ಗೊತ್ತಿರೋದರಿಂದಲೇ ಅಂತ ನನ್ನ ಗುಮಾನಿ. ಹಣ, ಕೋಣೆ, ಸರಿ, ಒಪ್ಪಿದೆವು, ಮುಂದೇನು ಅಂತ ಕಾಯುತ್ತೀರಿ. ಮೇರಿ ನೋಡಿದರೆ ನದಿ ದಂಡೆಯಲ್ಲಿ ಕೂತಿರುತ್ತಾಳೆ. ಹುಲ್ಲಿನ ಮೇಲೆ ನಡೆದದ್ದಕ್ಕೆ ಕಾವಲಿನವನು ಓಡಿಸುತ್ತಾನೆ, ಲೈಬ್ರರಿ ಬಾಗಿಲಲ್ಲಿ ಜೊತೆಗೆ ಗಂಡಸಿಲ್ಲ, ಪತ್ರವಿಲ್ಲ ಅಂತ ವಾಪಸ್ ಕಳಿಸುತ್ತಾರೆ. ಅದೇ ವಿಷಯ ಸ್ವಾಮಿ! ಮೊದಲ ಅಧ್ಯಾಯವನ್ನು ಒಂದೇ ಸಲ ಕೂತು ಓದಿ, ಹಸಿದಾಗ ಓದಿದರೆ ಇನ್ನೂ ಒಳ್ಳೆಯದು. ಪೆನ್ಸಿಲ್ ದೂರ ಇಡಿ. ನಾಲ್ಕನೆಯದರಲ್ಲಿ ಹೆಸರುಗಳ ಜಾತ್ರೆ ಇದೆ, ಸುಸ್ತಾದರೆ ಹಾರಿಸಿ.

ಇಷ್ಟಪಡಲೇಬೇಕು ಅಂತ ಯಾರು ಹೇಳಿದ್ದು? ನಾನು ಆ ಪುಸ್ತಕದ ಜೊತೆ ಈಗಲೂ ಜಗಳ ಆಡ್ತೀನಿ. ಶಾರ್ಲಟ್ ಬ್ರಾಂಟೆ ಸಿಟ್ಟಿನಿಂದ ಬರೆದದ್ದಕ್ಕೆ ಕಾದಂಬರಿ ಕೆಟ್ಟಿತು ಅನ್ನೋ ಮಾತು ನನಗೆ ಒಪ್ಪಿಗೆಯಿಲ್ಲ, ಆ ಸಿಟ್ಟಿಗೇ ನಾನು ಆಕೆಯನ್ನು ಓದೋದು. ಇನ್ನೊಂದು, ಪಾತ್ರೆ ತೊಳೆಯುತ್ತಾ ಭಾಷಣಕ್ಕೆ ಬರಲಾಗದ ಹೆಂಗಸರು ಮುಕ್ತಾಯದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ನನಗೆ ಅದು ಸಾಲದು.

ವುಲ್ಫ್ ತೀರಿಕೊಂಡದ್ದು 1941ರಲ್ಲಿ, ಇಲ್ಲಿ ಕಾಪಿರೈಟ್ ಮುಗಿದಿದೆ. ಪುಕ್ಕಟೆ ಸಿಗುತ್ತದೆ, ದುಡ್ಡು ಕೊಟ್ಟು ಗೈಡ್ ತರಬೇಡಿ. ಬೆಕ್ಕಿನ ಪುಟ ತಲುಪಿದಾಗ ನಗು ಬಂತಾ ಅಂತ ಕೆಳಗೆ ಬರೆಯಿರಿ.